ತೊಟ್ಟೆಗಳ ತೊಟ್ಟೆ

ಉರ್ವದಲ್ಲಿ ಅರ್ಧ ಮನೆ ನನಗೆ ಬಾಡಿಗೆ,
ಅಡುಗೆಕೋಣೆ ಮಾತ್ರ ಇಬ್ಬರಿಗೂ.
ಅದರ ಬಾಗಿಲ ಹಿಂದೆ, ತುಕ್ಕು ಹಿಡಿದ ಮೊಳೆಗೆ
ಒಂದು ದಪ್ಪ ತೊಟ್ಟೆ. ಒಳಗೆಲ್ಲ ತೊಟ್ಟೆಗಳೇ.
ಕೈ ಹಾಕಿದರೆ ತರಗೆಲೆಯಲ್ಲಿ ಓತಿ ಓಡಿದ ಸದ್ದು.

ಆ ತಿಂಗಳಷ್ಟೇ ನಾನು ಪ್ಲಾಸ್ಟಿಕ್ ಬಿಟ್ಟಿದ್ದೆ,
ಕೆಲವರು ಸಿಗರೇಟು ಬಿಟ್ಟ ಹಾಗೆ
ಸಿಕ್ಕಿದವರಿಗೆಲ್ಲ ಹೇಳಿಕೊಂಡು.
ಬಿದಿರಿನ ಬ್ರಶ್ಶು ತರಿಸಿದೆ, ಬೇಳೆಗೆ ಗಾಜಿನ ಭರಣಿ ಆರು.
ಭರಣಿಗಳು ಬಂದವು
ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಸೀರೆ ಉಟ್ಟು.
ಲೋಲಾಕ್ಷಿಯಕ್ಕ ಒಂದೂ ಗುಳ್ಳೆ ಒಡೆಯದೆ
ಅದನ್ನು ಮಡಚಿಟ್ಟರು,
ಆಟಿಯಲ್ಲಿ ಬಾವಿಯ ಪಂಪಿಗೆ ಹೊದಿಸಲು.
ನನಗೇನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಒಂದು ಆದಿತ್ಯವಾರ
ಮೊಳೆಯ ತೊಟ್ಟೆ ಇಳಿಸಿ, "ಬಿಸಾಡಲಾ ಅಕ್ಕ?" ಎಂದೆ.
"ಎಲ್ಲಿಗೆ?"
"ಕಸದ ಗಾಡಿಗೆ."
"ಗಾಡಿ ಎಲ್ಲಿಗೆ ಹೋಗ್ತದೆ?"
"ಪಚ್ಚನಾಡಿಗೆ."
"ಅಲ್ಲಿ ನನ್ನ ತಂಗಿಯ ಮನೆ ಉಂಟು," ಎಂದರು
ತೆಂಗಿನಕಾಯಿ ತುರಿಯುವುದು ನಿಲ್ಲಿಸದೆ.

ಆಮೇಲೆ ಅವರೇ ಕೂತು ಒಂದೊಂದಾಗಿ ಬಿಡಿಸಿದರು.
ಹಂಪನಕಟ್ಟೆಯ ಜವಳಿ ಅಂಗಡಿ:
ಬಾಗಿಲು ಮುಚ್ಚಿ ಎಷ್ಟೋ ಕಾಲ,
ತೊಟ್ಟೆಯ ಮೇಲೆ ಮಾತ್ರ ಇನ್ನೂ ತೆರೆದಿದೆ,
ಆರಂಕಿಯ ಫೋನ್ ನಂಬರಿನೊಂದಿಗೆ.
ಚಪ್ಪಲಿಯದ್ದು. ಬೇಕರಿಯದ್ದು. ಯಾರದೋ ಮದುವೆಯದ್ದು,
ಹುಡುಗಿಯ ಹೆಸರು ಉದುರಿ ಹುಡುಗನದ್ದು ಉಳಿದಿದೆ.
ಇದು ಅತ್ತಾವರದ ಆಸ್ಪತ್ರೆಯ ಎಕ್ಸ್‌ರೇ ಹಾಕಿ ಕೊಟ್ಟದ್ದು.
"ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು.
ನೋಡು, ಇದಕ್ಕೆ ಏನೂ ಆಗಲಿಲ್ಲ."
ಅಂಗೈಯಲ್ಲಿ ಒಮ್ಮೆ ಸವರಿ
ಮತ್ತೆ ನಾಲ್ಕಾಗಿ ಮಡಚಿದರು.

ಮಾರ್ಕೆಟಿಗೆ ಅವರದ್ದು ಅಲ್ಯುಮಿನಿಯಂ ತಪಲೆ,
ಅಂಚು ಸೊಟ್ಟ. ಮೀನಿನ ರಾಜೀವಿಗೆ ಆ ಸೊಟ್ಟು ಗುರುತು,
ದೂರದಿಂದಲೇ ಬಂಗುಡೆ ಎಣಿಸಲು ಶುರು.
ನಾನು ಸ್ಟೀಲಿನ ಡಬ್ಬಿ ಹಿಡಿದು ಹಿಂದೆ ಹಿಂದೆ,
ಕಲಿಯುವವಳಂತೆ.
ಒಮ್ಮೆ ಡಬ್ಬಿ ಮರೆತು, ಬೂತಾಯಿ ಅಗ್ಗವೆಂದು
ತೊಟ್ಟೆಯಲ್ಲೇ ತಂದೆ, ದುಪಟ್ಟದ ಅಡಿಯಲ್ಲಿ ಮುಚ್ಚಿ.
ಬೆಕ್ಕು ಹೇಳಿಕೊಟ್ಟಿತು.
ಅಕ್ಕ ಬಯ್ಯಲಿಲ್ಲ. ಬೂದಿ ಹಾಕಿ ತೊಳೆದು
ನನ್ನ ಚೂಡಿದಾರದ ಪಕ್ಕ ಹಗ್ಗಕ್ಕೆ ಸಿಕ್ಕಿಸಿದರು.
ಸಂಜೆ ಕಡಲ ಕಡೆಯ ಗಾಳಿ ಬಂದು
ತೊಟ್ಟೆ ಉಬ್ಬಿತು, ತಪ್ಪು ಒಪ್ಪಿಕೊಳ್ಳದ ಮುಖದ ಹಾಗೆ.

ಹಾಲಿನ ತೊಟ್ಟೆಯದ್ದು ಬೇರೆಯೇ ಶಾಸ್ತ್ರ.
ಮೂಲೆ ಕತ್ತರಿಸಬೇಕು, ಆದರೆ ಪೂರ್ತಿ ಅಲ್ಲ.
ಒಂದು ನೂಲಿನಷ್ಟು ಬಿಡಬೇಕು, ತುಂಡು ನೇತಾಡಬೇಕು,
ಅಲುಗುವ ಹಾಲುಹಲ್ಲಿನ ಹಾಗೆ.
"ಕಡಿದು ಬಿದ್ದರೆ ಮತ್ತೆ ಸಿಕ್ಕುವುದಿಲ್ಲ ಮಾರಾಯ್ತಿ,
ಉಗುರಿನಷ್ಟು ಇರ್ತದೆ.
ಹಿಡಿಸೂಡಿಗೂ ಸಿಕ್ಕುವುದಿಲ್ಲ, ಮಳೆನೀರಿಗೆ ಮಾತ್ರ ಸಿಕ್ತದೆ."
ಮಳೆನೀರಿಗೆ ದಾರಿ ಗೊತ್ತು:
ನಮ್ಮ ಚರಂಡಿಯಿಂದ ಬೊಳೂರಿನ ಹೊಳೆಗೆ,
ಹೊಳೆಯಿಂದ ಅಳಿವೆಗೆ,
ಅಲ್ಲಿಂದ ರಾಜೀವಿಯ ಬುಟ್ಟಿಗೆ.

ಈಗ ನಾನಿರುವುದು ಕದ್ರಿಯಲ್ಲಿ, ಐದನೇ ಮಹಡಿ.
ಭರಣಿ ಆರರಲ್ಲಿ ಎರಡು ಒಡೆದಿವೆ.
ಬಿದಿರಿನ ಬ್ರಶ್ಶಿಗೆ ಬೂಸ್ಟು ಹಿಡಿಯಿತು.
ಪ್ಲಾಸ್ಟಿಕ್ ಬಿಟ್ಟೆ ಎಂದು ಯಾರಿಗೂ ಹೇಳುವುದಿಲ್ಲ,
ಬಿಟ್ಟೂ ಇಲ್ಲ.
ಬಾಗಿಲ ಹಿಂದೆ ಮೊಳೆ ಹೊಡೆದಿದ್ದೇನೆ.
ಮೊಳೆಗೆ ಒಂದು ತೊಟ್ಟೆ, ಅದರೊಳಗೆ
ಅಕ್ಕ ಹೊರಡುವ ದಿನ ಚಕ್ಕುಲಿ ಹಾಕಿ ಕೊಟ್ಟ
ಹಂಪನಕಟ್ಟೆಯ ಜವಳಿ ಅಂಗಡಿ.

ಇವತ್ತು ಬೆಳಿಗ್ಗೆ ಗಂಡ ಚಹಾ ಮಾಡಿದ.
ಒಳ್ಳೆಯ ಚಹಾ.
ಹಾಲಿನ ತೊಟ್ಟೆಯ ಮೂಲೆ ಇರಲಿಲ್ಲ.
ಲೋಟ ಕೆಳಗಿಟ್ಟು, ಮೊಣಕಾಲೂರಿ,
ಫೋನಿನ ಟಾರ್ಚು ಹಿಡಿದು
ಗ್ಯಾಸಿನ ಸಿಲಿಂಡರಿನ ಹಿಂದೆ ಹುಡುಕಿದೆ.

ಸಿಕ್ಕಿತು ಒಂದು.
ಅದು ನಿನ್ನೆಯದು.