ತಂಗಿದ ನೀರು

ಯೆರೆವಾನಿನ ನೀರು ಕಚೇರಿಯಲ್ಲಿ ದೂರಿನ ಪುಸ್ತಕ ನನ್ನ ಪಾಲಿಗೆ.
ಕೆಂಪು ನೀರು, ರಾಡಿ ನೀರು, ಬಾರದ ನೀರು,
ಪಕ್ಕದ ಮನೆಯವರು ಕದ್ದ ನೀರು.
ಮಂಗಳವಾರ ಬಂದದ್ದು ಮಾತ್ರ ಯಾವ ಕಾಲಮ್ಮಿಗೂ ಹೊಂದಲಿಲ್ಲ:
"ರಾತ್ರಿ ಇಟ್ಟ ನೀರು ಬೆಳಿಗ್ಗೆ ಬೇರೆ ರುಚಿ. ಬಂದು ನೋಡಿ.
ವಾಘಿನಾಕ್. ಐದನೇ ಮಹಡಿ. ಲಿಫ್ಟ್ ಕೆಟ್ಟಿದೆ."

ಹತ್ತಿದೆ.
ಕಿಟಕಿಕಟ್ಟೆಯ ಮೇಲೆ ಒಂದು ಗಾಜಿನ ಲೋಟ,
ಒಳಮೈಗೆ ಅಂಟಿದ ಸಣ್ಣ ಸಣ್ಣ ಗುಳ್ಳೆ
ಹೊರಡುವುದನ್ನು ಮರೆತ ನೆಂಟರ ಹಾಗೆ.
ಅದರಾಚೆ ಅವನು, ಗಡಿಯಾರ ರಿಪೇರಿಯಲ್ಲಿ
ಒಂದು ಕಣ್ಣು ಕಿರಿದಾದವನು.
"ರೊಟ್ಟಿ ತಂಗಿದರೆ ತಂಗಳು," ಅಂದ,
"ನೀರು ತಂಗಿದರೆ ಏನು?"

ಓದಿದ್ದನ್ನು ಒಪ್ಪಿಸಿದೆ.
ನಲ್ಲಿಯಿಂದ ಇಳಿಯುವಾಗ ನೀರಿಗೆ ಇನ್ನೂ ಬೆಟ್ಟದ ಚಳಿ, ತಾತ,
ಚಳಿಗೆ ನಾಲಿಗೆ ಅರ್ಧ ಕುರುಡು.
ಕೋಣೆಯ ಬಿಸುಪಿಗೆ ಬಂದಮೇಲೆ ಅದು ಬಾಯಿ ಬಿಡುತ್ತದೆ:
ಸುಣ್ಣ, ಉಪ್ಪು, ಹಳೆಯ ಕೊಳವೆಯ ಕಬ್ಬಿಣ.
ನಾವು ಬೆರೆಸಿದ ಕ್ಲೋರಿನ್ ಒಂದಿಷ್ಟು ಎದ್ದು ಹೋಗುತ್ತದೆ,
ಗಾಳಿಯಲ್ಲಿದ್ದದ್ದು ಒಂದಿಷ್ಟು ಒಳಗಿಳಿಯುತ್ತದೆ.
ನೀವಿಬ್ಬರೂ ಮಲಗಿ ಬಿಟ್ಟ ಉಸಿರು ಅಂತಲೇ ಅನ್ನಿ.
ಅದು ಕರಗಿ
ಕೂದಲೆಳೆಯಷ್ಟು ಹುಳಿ.

"ಉಸಿರೇ?" ಅಡುಗೆಮನೆಯಿಂದ ಶುಷಾನ್,
"ಇವರದು ಗೊರಕೆ, ಮಗಳೇ.
ಕರಗಿದರೆ ಅದಕ್ಕೆ ಯಾವ ರುಚಿ, ಬರೆದುಕೋ ಅದನ್ನೂ."

ಕೆಲಸ ಅಂದಮೇಲೆ ಕೆಲಸ. ಮೂರು ಲೋಟ ಇಟ್ಟೆ:
ರಾತ್ರಿ ತೆರೆದಿಟ್ಟದ್ದು, ರಾತ್ರಿ ತಟ್ಟೆ ಮುಚ್ಚಿಟ್ಟದ್ದು,
ಈಗ ಹಿಡಿದದ್ದು. ಮೋಸವಾಗಬಾರದೆಂದು ಅದರ ಸೀಸೆಯನ್ನು
ಬಿಸಿನೀರಲ್ಲಿ ನಿಲ್ಲಿಸಿ ಚಳಿ ಬಿಡಿಸಿದೆ.
ಅವನನ್ನು ಗೋಡೆಗೆ ಮುಖ ಮಾಡಿಸಿ ಜಾಗ ಬದಲಿಸಿದೆ.
ಗುಟುಕರಿಸಿದ. ತೆರೆದಿಟ್ಟದ್ದನ್ನೇ ಮುಟ್ಟಿ ತೋರಿಸಿದ.
ಮತ್ತೆ ಬದಲಿಸಿದೆ. ಮತ್ತೆ ಅದೇ.
ನನ್ನ ಯಂತ್ರ ದಶಾಂಶದ ಎರಡನೇ ಮನೆಯಲ್ಲಿ ತಡವರಿಸುತ್ತಿತ್ತು.

"ಇದು ಸರಿಯಿದೆ," ಅಂದ.
"ಸರಿಯಿದೆಯೇ? ದೂರು ಕೊಟ್ಟದ್ದು ನೀವಲ್ಲವೇ?"
"ಕೆಟ್ಟಿದೆ ಅಂತ ನಾನೆಲ್ಲಿ ಅಂದೆ? ಬೇರೆ ಅಂದೆ."

ಕತ್ತಲ ವರ್ಷಗಳು. ವಿದ್ಯುತ್ತಿಲ್ಲ, ಸೌದೆಗೆ ಉದ್ಯಾನದ ಮರ.
ಬೆಳಗಿನ ಜಾವ ಒಂದೇ ಒಂದು ಗಂಟೆ ನೀರು.
ಮೊದಲು ಕೊಳವೆ ಕೆಮ್ಮುವುದು; ಕೆಮ್ಮು ಕೇಳಿ ಇಡೀ ಕಟ್ಟಡ ಏಳುವುದು.
ಸ್ನಾನದ ತೊಟ್ಟಿ, ಉಪ್ಪಿನಕಾಯಿ ಜಾಡಿ, ಹೂದಾನಿ,
ಮಗಳ ಆಟಿಕೆಯ ಹಳದಿ ಬಕೆಟ್ಟು.
ತುಂಬಿತೋ ಇಲ್ಲವೋ, ಬೆರಳದ್ದಿ ನೋಡಬೇಕು.
"ಎರಡು ದಿನ ತಂಗಿದ ನೀರಲ್ಲಿ ಹುರಿದ ಬಾರ್ಲಿ ಕುದಿಸಿ
ಅದನ್ನೇ ಕಾಫಿ ಅನ್ನುತ್ತಿದ್ದೆವು. ಇವಳು ಬೈದುಕೊಂಡು ಕುಡಿಯುತ್ತಿದ್ದಳು."
"ಈಗಲೂ ಬೈಯುತ್ತೇನೆ," ಅಂದಳು ಶುಷಾನ್.

"ಈಗ ಹಗಲೂ ರಾತ್ರಿ ಬರುತ್ತದೆ. ಒಳ್ಳೆಯದೇ.
ಆದರೆ ಬಾಗಿಲಲ್ಲೇ ನಿಂತು ಮಾತಾಡಿ ಹೋಗುವವರ ಹಾಗೆ.
ಒಂದು ರಾತ್ರಿ ಕೂರಿಸದೆ ಹೇಗೆ ಕುಡಿಯಲಿ?"

ಹಾಗಾದರೆ ಇದು ದೂರಲ್ಲವಲ್ಲ, ತಾತ.
"ಅಲ್ಲ. ಯಾರಿಗಾದರೂ ಹೇಳಬೇಕಿತ್ತು.
ನಿಮ್ಮಲ್ಲಿ ಬೇರೆ ಪುಸ್ತಕ ಇದೆಯೇ?"

ಇಲ್ಲ. ದೋಷ: ಇಲ್ಲ, ಎಂದು ಬರೆದೆ.
ಕ್ರಮ: ಎಂಬಲ್ಲಿ ಪೆನ್ನು ಕೊಂಚ ಹೊತ್ತು ನಿಂತಿತು.
ಶುಷಾನ್ ಒಣ ಜರದಾಲು ಜೇಬಿಗೆ ತುರುಕಿದಳು.

ಕೆಳಗೆ, ಬೀದಿಮೂಲೆಯಲ್ಲಿ, ಕಲ್ಲಿನ ಚಿಲುಮೆ,
ತೀರಿಕೊಂಡ ಯಾರದೋ ನೆನಪಿಗೆ ಯಾರೋ ನಿಲ್ಲಿಸಿದ್ದು.
ದಿನವೂ ಕುಡಿಯುತ್ತೇನೆ, ಹೆಸರು ಓದಿರಲಿಲ್ಲ.
ಬಾಗಿದೆ. ಹಲ್ಲು ಜುಮ್ಮೆಂದಿತು.
ರುಚಿ ಹಿಡಿಯಲೆಂದು ಬಾಯಲ್ಲೇ ಇಟ್ಟುಕೊಂಡೆ,
ಎಣಿಸಿದೆ, ಹದಿನೇಳು, ಹದಿನೆಂಟು.
ಹಿಂದೆ ಒಬ್ಬ ಹುಡುಗ ಚೆಂಡು ಹಿಡಿದು ಕಾಯುತ್ತಿದ್ದ.
ಸರಿದು ನಿಂತೆ, ಇನ್ನೂ ನುಂಗದೆ.