ಡಬಲ್ ಬೆಲ್

ಪೆನ್ನು ಅಂತಾರ ಇದಕ್ಕ.
ಶಾಯಿ ಇಲ್ಲ, ಮುಳ್ಳು ಕಾಣಸೂದಿಲ್ಲ.
ಫ್ರಿಜ್ಜಿನ ನಡುವಿನ ಖಾನ್ಯಾಗ
ಮೊಸರಿನ ಗಡಿಗಿ ಮಗ್ಗಲಕ ಮಲಗಿರತದ.
ಎರಡು ವಾರಕ್ಕೊಮ್ಮೆ ಎಬ್ಬಸತೀನಿ.

ಎಬ್ಬಿಸಿ ಅರ್ಧ ತಾಸು ಸುಮ್ಮ ಕೂಡಬೇಕು.
ಬಿಸಿಲಿಗೆ ಇಡಬ್ಯಾಡ, ಬಿಸಿನೀರಾಗ ಅದ್ದಬ್ಯಾಡ, ಅಲಗಾಡಸಬ್ಯಾಡ:
ಸೋಲಾಪುರದ ಪ್ರಾಜಕ್ತಾ ಸಿಸ್ಟರ್ ಮರಾಠ್ಯಾಗ ಹೇಳಿದ್ದು
ನಾ ಕನ್ನಡದಾಗ ಬರಕೊಂಡೆ, ಹಳೆ ವೇಬಿಲ್ಲಿನ ಬೆನ್ನಿಗೆ.
ಅಕ್ಕಲಕೋಟದ ಮೇ ತಿಂಗಳಿಗೆ ಮಾತ್ರ
ಯಾವ ಭಾಷಾನೂ ತಿಳಿಯೂದಿಲ್ಲ.
ಹತ್ತ ಮಿನಿಟಿನ್ಯಾಗ ಪೆನ್ನಿನ ಮೈಮ್ಯಾಲೆ ಬೆವರು.

ಡಾಕ್ಟರ್ ಹೇಳಿದ್ದನ್ನ ನಾ ಹಿಂಗ ತಿಳಕೊಂಡೀನಿ:
ನನ್ನ ರಗತದಾಗ ಒಬ್ಬ ಚೆಕ್ಕಿಂಗ್ ಸಾಹೇಬ ಅದಾನ,
ತಿಕೀಟ ತಗೊಂಡವರನ್ನೂ ಕಾಲರ್ ಹಿಡದು ಇಳಸತಾನ.
ಮಣಿಕಟ್ಟು, ಬೆರಳ ಸಂದು, ಬಲಗಡೆ ಭುಜ,
ಎಲ್ಲಾ ನಮ್ಮ ಮಂದೀನ, ಹುಟ್ಟಿದಾಗಿಂದ ಪಾಸಿನವರು.
ಈ ಔಷಧ ಅವನ ಕೈ ಹಿಡದು
'ಇರಲಿ ಸಾಹೇಬರ, ಬಿಡ್ರಿ' ಅಂತದಂತ.
ಅಷ್ಟೇ ಮಾತಿಗೆ ನನ್ನ ಅರ್ಧ ತಿಂಗಳ ಪಗಾರ.

ಮೊದಲು ಗೊತ್ತಾಗಿದ್ದು ಹಗ್ಗಕ್ಕ.
ದುಧನಿ ಗಾಡಿ, ಮುಂಜಾನೆ ಐದೂ ನಲವತ್ತು.
ಗಂಟಿ ಹಗ್ಗಕ್ಕ ಎತ್ತಿದ ಕೈ ಅರ್ಧಕ್ಕ ನಿಂತಿತು.
ಮಕಬೂಲ ಮಾಮಾ ಕನ್ನಡ್ಯಾಗ ನನ್ನ ಮಾರಿ ನೋಡಿದ.
ಅವತ್ತಿಂದ ಎಂಟು ತಿಂಗಳು
ಎರಡು ರೂಪಾಯಿ ನಾಣ್ಯಾದಿಂದ ಕಂಬಿ ಬಡದೇ ಗಾಡಿ ನಡಸಿದೆ.
ಒಮ್ಮೆ ಟಣ್ ಅಂದ್ರ ನಿಲ್ಲು. ಎರಡು ಸಲ ಅಂದ್ರ ಹೋಗು.
ಹತ್ತೊಂಬತ್ತು ವರ್ಷದಾಗ ಇದು ಎಲುವಿನ್ಯಾಗ ಇಳದದ.

ಪೆನ್ನಿಂದು ಉಲ್ಟಾ.

ದವಾಖಾನ್ಯಾಗ ಸ್ಪಂಜಿನ ಗಾದಿಗೆ ಚುಚ್ಚಿದಾಗ ಎಲ್ಲಾ ಸರಿ ಇತ್ತು.
ಮನ್ಯಾಗ ಮೊದಲ ಸಲ, ಶುಕ್ರವಾರ, ಸೂಟಿ.
ಕದಾ ಹಾಕಿದೆ, ತೊಡಿ ಒರಸಿದೆ,
ಚರ್ಮ ಹಿಂಡಿ ಹಿಡದು ನೆಟ್ಟಗ ಇಟ್ಟು ಗುಂಡಿ ಒತ್ತಿದೆ.
ಟಿಕ್.
ಕೈ ಗಾಡಿ ನಿಂದರಸಿತು.
ತಲಿ ಅಲ್ಲ, ಕೈ. ತನ್ನಷ್ಟಕ್ಕ ತಾ ಮ್ಯಾಲೆ ಎದ್ದಿತು.
ಔಷಧ ತೊಡಿಗುಂಟ ಹರದು ಚಾದರಕ್ಕ ಇಳೀತು,
ಒಂದು ಚಮಚಾನೂ ಇಲ್ಲ.
ಚಾದರ ಹಿಂಡಿ ಕುಡೀಲೇನು ಅನಿಸಿತು, ಖರೇ ಹೇಳತೀನಿ.

ಸಿಸ್ಟರ್ ಫೋನಿನ್ಯಾಗ ಬೈಲಿಲ್ಲ.
'ಭೀತಿ ವಾಟಲೀ ಕಾ?' ಅಂದ್ಲು.
ಅಂಜಿಕಿ ಅಲ್ಲ ಬಾಯಿ, ಸ್ಟಾಪ್ ಬಂತು ಅನಿಸಿತು.

ಹದಿನಾಕು ದಿನ ಬರೇ ಕೈಗೆ ಸಾಲಿ ಕಲಸಿದೆ.
ಮಗಳ ಬಾಲ್ ಪೆನ್ನು ತೊಡಿ ಮ್ಯಾಲೆ ಒತ್ತಿ, ಟಿಕ್, ಹೊಂಟಿತು,
ತಡಿ, ತಡಿ, ಟಿಕ್, ಊರು ಬಂತು.
ಪರೀಕ್ಷಾ ಹತ್ತರ ಬಂದದ, ಪೆನ್ನು ಕೊಡು ಅಂತ ಆಕಿ ಅತ್ತಳು.

ನಡುವ ಹತ್ತು ಎಣಸು ಅಂದಿದ್ಲು ಸಿಸ್ಟರ್.
ಎಣಕಿ ದಿನಾ ರೊಕ್ಕಕ್ಕ ಖರ್ಚಾಗತದ,
ಅದಕ್ಕ ನಾ ಸ್ಟಾಪು ಹೇಳತೀನಿ:
ಡೆಪೋ ಗೇಟು, ಬಾವಿ ಕಟ್ಟಿ, ಜೋಡಿ ಬೇವು, ಸಾಲಿ,
ಮೈಂದರ್ಗಿ ಅಗಸಿ...
ಇಲ್ಲಿ ಉರಿ ಚಾಲೂ ಆಗತದ, ಕೆಂಪಿರುವಿ ಕಚ್ಚಿದಂಗ.
ಯಾರೂ ಇಳಿಯಂಗಿಲ್ಲ!
ಎಣ್ಣಿ ಗಿರಣಿ, ರೇಲ್ವೆ ಗೇಟು, ದುಧನಿ.
ಟಿಕ್.
ಕಿಂಡ್ಯಾಗ ಹಳದಿ ಬಂತು.

ಮಷೀನ್ ಬಂದ ಮ್ಯಾಲೆ ಅಟ್ಟಕ್ಕ ಬಿದ್ದಿದ್ದ
ತಗಡಿನ ತಿಕೀಟ ಪೆಟಿಗಿ ಕೆಳಗ ಇಳಸೀನಿ.
ಮುಗದ ಪೆನ್ನು ಅದರಾಗ. ಆರು ಆಗ್ಯಾವ.
ಅಲುಗಿಸಿದರ ಚಿಲ್ಲರೆ ಸಪ್ಪಳ.

ಭುಜ ಏಳತದ. ಪೂರಾ ಅಲ್ಲ.
ನಿನ್ನೆ ಮೈಂದರ್ಗಿ ದಾಟಿದ ಮ್ಯಾಲೆ ಪರೀಕ್ಷಾ ಮಾಡಿ ನೋಡಿದೆ,
ಹಗ್ಗಕ್ಕ ಎರಡು ಬೆರಳು ತಾಗಿದವು, ಒಂದೇ ಸಲ ಟಣ್ ಅಂತು.
ಮಕಬೂಲ ಮಾಮಾ ಬ್ರೇಕ್ ಹಾಕೇಬಿಟ್ಟ.
ಕಿಡಕಿ ಕಡೆ ತೂಕಡಸತಿದ್ದ ಒಬ್ಬಾಕಿ ಮುದುಕಿ
ತನ್ನ ಊರು ಬಂತಂತ ತಿಳದು, ಗಂಟು ಎತಗೊಂಡು,
ಜ್ವಾಳದ ಹೊಲದ ನಡುವ ಇಳದು ನಡದಿದ್ದಳು.
ಕರದು ಹತ್ತಿಸಿಕೊಂಡು, ಕದಾ ಎಳದು,
ಮತ್ತ ಕೈ ಎತ್ತಿದೆ.