ಅರಳದ ಕಾಳು

ಬಾಷಾ ನಗರದ ಹಿಂದೆ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ವಾರಕ್ಕೆ ಎರಡೇ ರಾತ್ರಿ ಆಕಾಶ.
ಗುರುವಾರ ಸಂಜೆ ಒಲೆ ಆರಿಸಿದರೆ
ಶನಿವಾರ ನಸುಕಿನವರೆಗೆ ಹೊಗೆಯಿಲ್ಲ.
ಉಳಿದ ದಿನ ಹೊಟ್ಟು, ಹಳೇ ಟೈರು, ಉರಿದದ್ದೆಲ್ಲ
ನಮ್ಮ ಶಾಲೆಯ ಗೋಡೆಗೂ ಒಂದು ಪದರ.

ದಾನಕ್ಕೆ ಬಂದ ದೂರದರ್ಶಕಕ್ಕೆ ಎರಡೇ ಕಾಲು,
ಮೂರನೆಯದು ಮರಳು ತುಂಬಿದ ಚೀಲ.
ಶಮೀನ್‌ತಾಜಳ ಮನೆ ತಾರಸಿಯಲ್ಲಿ ನಿಲ್ಲಿಸಿ
ಕಂಡಷ್ಟು ಚುಕ್ಕಿ ಬರಕೋ ಅಂದೆ.
ಬರೆದಳು, ಗಣಿತದ ಚೌಕದ ಹಾಳೆಯಲ್ಲಿ
ಇಪ್ಪತ್ಮೂರು.
ರಂಗೋಲಿ ಹಾಕದ ಮನೆಯ ಹುಡುಗಿ,
ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುವ ಚಪಲವಿಲ್ಲ.

ಶುಕ್ರವಾರ ಕಣ್ಣಿಟ್ಟು, ಹಾಳೆ ನೋಡಿ, ಮತ್ತೆ ಕಣ್ಣಿಟ್ಟು
"ಮಿಸ್, ಇದೊಂದು ಜಾಗ ಬಿಟ್ಟೈತ್ರಿ."

ನನಗೆ ಕಾಣಲು ಹತ್ತು ನಿಮಿಷ ಬೇಕಾಯಿತು.
ಅವಳದು ಆರನೇ ವಯಸ್ಸಿನಿಂದ ಜರಡಿಯ ಮುಂದೆ ಕೂತ ಕಣ್ಣು.
ಕಾದ ಮರಳಲ್ಲಿ ಎಲ್ಲವೂ ಚಟಚಟ ಸಿಡಿದು ಹೂವಾಗುವಾಗ
ಒಂದು ಮಾತ್ರ ಸುಮ್ಮನೆ ಕರಕಾಗಿ
ತಳದಲ್ಲಿ ಉಳಿಯುತ್ತದಲ್ಲ,
ಬಿಳಿಯ ರಾಶಿಯಿಂದ ಅದನ್ನು ಹೆಕ್ಕಿ ಹೆಕ್ಕಿ ಪಳಗಿದ್ದು.

ಗ್ರಹವಾಗದೆ ಉಳಿದದ್ದು ಇದೂ, ಅಂದೆ. ಹೆಸರು ಹೈಜಿಯಾ.
ಗ್ರೀಕರಲ್ಲಿ ಆರೋಗ್ಯದ ದೇವತೆ.
ಮಂಗಳ ಗುರುಗಳ ನಡುವಿನ ಪಟ್ಟಿಯಲ್ಲಿ ನಾಲ್ಕನೇ ದೊಡ್ಡವಳು:
ಈ ಬದಿಯಿಂದ ಆ ಬದಿಗೆ ಹೋಗುವುದೆಂದರೆ
ಇಲ್ಲಿ ಬಸ್ ಹತ್ತಿ, ಬೆಂಗಳೂರು ದಾಟಿ, ಕೋಲಾರ ದಾಟಿ,
ಆಮೇಲೂ ನಿದ್ದೆ ಮಾಡಬಹುದು.
ಆದರೂ ಸಿಕ್ಕಿದ್ದು ಹತ್ತನೆಯವಳಾಗಿ.
ಇವಳಿಗಿಂತ ಸಣ್ಣವರೆಲ್ಲ ಆಗಲೇ ಸಿಕ್ಕಿ ಹೆಸರು ಪಡೆದಿದ್ದರು.
ಸಾವಿರದ ಎಂಟುನೂರ ನಲವತ್ತೊಂಬತ್ತರ ಏಪ್ರಿಲ್, ನೇಪಲ್ಸ್ ಊರು,
ಅಲ್ಲೊಬ್ಬನಿಗೆ ಕಂಡಳು.

"ದೊಡ್ಡಾಕಿ ಅಂತೀರಿ, ತಡ ಯಾಕ್ರಿ?"
ಕಪ್ಪು. ಇದ್ದಿಲಿನಂಥ ಮೈ.
ಬಿದ್ದ ಬೆಳಕಲ್ಲಿ ವಾಪಸು ಕೊಡುವುದು ಚೂರು.

ಶಮೀನ್ ಏನೂ ಅನ್ನಲಿಲ್ಲ. ಕೆಳಗೆ ಅಂಗಳದಲ್ಲಿ
ಅವಳಕ್ಕ ತಬಸ್ಸುಮ್ ಚೀಲ ಹೊಲಿಯುತ್ತಿದ್ದಳು.
ಹರಿಹರದಿಂದ ಬಂದವರು ಚಹಾ ಕುಡಿದು ಹೋಗಿ
ತಿಂಗಳಾಗಿತ್ತು.

ಪುಸ್ತಕದಲ್ಲಿ ಇವಳ ಕುಲಕ್ಕೆ ಕ್ಷುದ್ರಗ್ರಹ ಎಂದಿದೆ.
"ಕ್ಷುದ್ರ ಅಂದ್ರೆ?"
ಸಣ್ಣದು, ಅಂದೆ. ನಿಘಂಟಿನ ಉಳಿದ ಅರ್ಥ ಹೇಳಲಿಲ್ಲ.
ಊರಾಚೆ ಬೇವಿನ ಬುಡದಲ್ಲಿ ಕೂತು
ಕೋಳಿ ಕೇಳುವ ದೇವರಿಗೂ ಇದೇ ಮಾತು ಅಂಟಿಸಿದ್ದಾರೆ;
ನಮ್ಮಜ್ಜಿಯ ಕಾಲದಲ್ಲಿ, ಸಿಡುಬು ಬಂದ ವರ್ಷ,
ಅಂಟಿಸಿದವರೇ ಸಾಲುಗಟ್ಟಿ ನಿಂತಿದ್ದರಂತೆ ಅವಳ ಮುಂದೆ.

ನಸುಕಿಗೆ ಮೊದಲ ಭಟ್ಟಿ ಹೊತ್ತಿತು.
ಚುಕ್ಕಿಗಳು ಒಂದೊಂದೇ ಮಸಿಯಾದವು,
ಮೊದಲು ಹೋದದ್ದು ಅವಳೇ.
ಶಮೀನ್ ಹಾಳೆಯಲ್ಲಿ ನಿನ್ನೆಯ ಜಾಗದಿಂದ ಇವತ್ತಿನದಕ್ಕೆ
ಒಂದು ಬಾಣ ಎಳೆದಳು, ಅಷ್ಟೇ ಗೆರೆ.
ದುಪಟ್ಟಾ ಬಿಗಿದು ಜರಡಿಗೆ ಇಳಿದು ಹೋದಳು.

ಸೋಮವಾರ ಗಣಿತದ ಮೇಷ್ಟ್ರು ನೋಟ್‌ಬುಕ್ಕು ತಿದ್ದಿದ್ದರು.
ಆ ಪುಟದ ಕೆಳಗೆ ಕೆಂಪು ಶಾಯಿ:
ಇದು ಯಾವ ಲೆಕ್ಕ?